ಘಟ್ಟ ಇಳಿದು ಹೊಳೆ ದಂಡೆಯಲ್ಲಿ ಟೆಂಟ್ ಹಾಕುವುದು ಹೇಗೆ?

ಹಾಸನದ ನಮಗೆ ಹೊಳೆ ಅಂದರೆ ಹೇಮಾವತಿ. ಮೂಡಿಗೆರೆ ಕಡೆಯಿಂದ ಬರುತ್ತದೆ, ಸಕಲೇಶಪುರ ದಾಟುತ್ತದೆ, ಗೊರೂರಿನ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ಮೇಲೆ ಮಳೆಯಾದರೆ ಏರುತ್ತದೆ, ಇಲ್ಲದಿದ್ದರೆ ತನ್ನ ಪಾಡಿಗೆ ಇರುತ್ತದೆ. ಇದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಮೂರು ವರ್ಷದ ಹಿಂದೆ ನಾವು ನಾಲ್ಕು ಜನ ಶಿರಾಡಿ ಘಾಟಿ ಇಳಿದು ಉಡುಪಿ ಕಡೆಯ ಒಂದು ಕುದ್ರುವಿಗೆ ಹೋದೆವು. ಕುದ್ರು ಅಂದರೆ ಹೊಳೆಯ ನಡುವಿನ ನೆಲ, ಹೆಚ್ಚಿನವಕ್ಕೆ ದೋಣಿಯಲ್ಲೇ ಹೋಗಬೇಕು. ಸಂಜೆ ಐದಕ್ಕೆ ನೀರಿನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಒಳ್ಳೆ ಚಪ್ಪಟೆ ಮರಳು ನೋಡಿ ಟೆಂಟ್ ಹಾಕಿದೆವು. ರಾತ್ರಿ ಹತ್ತೂವರೆಗೆ ಬೆನ್ನ ಕೆಳಗೆ ತಣ್ಣಗಾಯಿತು. ಟಾರ್ಚ್ ಹಾಕಿ ನೋಡಿದರೆ ನನ್ನ ಎಡಗಾಲಿನ ಚಪ್ಪಲಿ ಟೆಂಟಿನ ಬಾಗಿಲಲ್ಲಿ ನಿಧಾನಕ್ಕೆ ತಿರುಗುತ್ತಾ ತೇಲುತ್ತಿತ್ತು. ಬಲಗಾಲಿನದು ಆಗಲೇ ಹೊರಟುಹೋಗಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ, ಹಾಲಿನಂಥ ಬೆಳದಿಂಗಳು.

ಬೆಳಿಗ್ಗೆ ಬಂದ ದೋಣಿಯವರು ನಮ್ಮ ಒದ್ದೆ ಹಾಸಿಗೆ ನೋಡಿ, ‘ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ ಮಾರಾಯ್ರೆ’ ಅಂದರು. ಹೌದು, ಕೇಳಬಹುದಿತ್ತು.

ಮೊದಲು ನೀರಿನ ಗಡಿಯಾರ ನೋಡಿ

ಸ್ವರ್ಣಾ, ಸೀತಾ, ಸೌಪರ್ಣಿಕಾ, ಯಾವುದೇ ಇರಲಿ, ಅಳಿವೆಯ ಹತ್ತಿರ, ಅಂದರೆ ಸಮುದ್ರ ಸೇರುವಲ್ಲಿ, ಹೊಳೆ ಎರಡೂ ಕಡೆ ಹರಿಯುತ್ತದೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ವಾಪಸ್ ಹೋಗುತ್ತದೆ. ಏರುವುದಕ್ಕೆ ಆರು ಗಂಟೆ ಚಿಲ್ಲರೆ, ಇಳಿಯುವುದಕ್ಕೆ ಆರು ಗಂಟೆ ಚಿಲ್ಲರೆ. ಆ ಚಿಲ್ಲರೆ ಎಲ್ಲ ಸೇರಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಸಂಜೆ 5ಕ್ಕೆ ಪೂರ್ತಿ ಇಳಿತ ಅಂದುಕೊಳ್ಳಿ. ರಾತ್ರಿ 11ರ ಹೊತ್ತಿಗೆ ಉಬ್ಬರ, ಭಾನುವಾರ ಬೆಳಗಿನ ಜಾವ ಐದೂವರೆಗೆ ಮತ್ತೆ ಇಳಿತ. ನಾವು ಟೆಂಟ್ ಹಾಕಿದ್ದು ಎಷ್ಟು ಹೊತ್ತಿಗೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನೂ ಒಂದಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ. ನೀರು ಒಂದು ಮೀಟರಿಗಿಂತಲೂ ಹೆಚ್ಚು ಏರುತ್ತದೆ. ಮೀಟರ್ ಅಂದರೆ ಏನು ಮಹಾ ಅನ್ನಬೇಡಿ, ಇಳಿಜಾರೇ ಇಲ್ಲದ ಮರಳಿನ ಮೇಲೆ ಅದು ಎಷ್ಟೋ ಮಾರು ಒಳಗೆ ಬಂದುಬಿಡುತ್ತದೆ. ಬೆಳದಿಂಗಳು ಅಂತ ಎಲ್ಲರೂ ಹುಣ್ಣಿಮೆಗೇ ಹೋಗುತ್ತಾರೆ, ಅಂದೇ ನೀರೂ ಮೇಲೆ ಬರುತ್ತದೆ. ದಿನದ ಎರಡು ಉಬ್ಬರಗಳೂ ಒಂದೇ ಎತ್ತರದವಲ್ಲ, ಮಧ್ಯಾಹ್ನದ್ದು ಇಲ್ಲಿವರೆಗೆ ಬಂತು, ರಾತ್ರಿಯದೂ ಇಷ್ಟೇ ಅಂತ ಗೆರೆ ಎಳೆದು ಕೂರಬೇಡಿ.

ಹೊತ್ತು ತಿಳಿಯಲು ಮೊಬೈಲಿನಲ್ಲಿ ಮಂಗಳೂರು ಅಥವಾ ಮಲ್ಪೆ ಹೆಸರಿನಲ್ಲಿ ಉಬ್ಬರ ಇಳಿತದ ಪಟ್ಟಿ ಹುಡುಕಿ. ಹೊಳೆಯಲ್ಲಿ ಒಳಗೆ ಹೋದಷ್ಟೂ ಅದಕ್ಕಿಂತ ತಡವಾಗಿ ನೀರು ಬರುತ್ತದೆ. ಅದನ್ನು ಸರಿಯಾಗಿ ಹೇಳುವವರು ದೋಣಿಯವರೇ.

ಹೋಗುವ ಮುಂಚೆ

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಮಾತೇ ಬೇಡ. ಕುದ್ರುಗಳಲ್ಲಿ ಮನೆಗಳಿವೆ, ತೆಂಗಿನ ತೋಟಗಳಿವೆ, ಹಾಗಾಗಿ ಜಾಗದವರನ್ನು ಕೇಳಿಯೇ ಹೋಗಿ. ಕೇಳಿದರೆ ಬಾವಿ ನೀರು, ಬಚ್ಚಲು ಎರಡೂ ಸಿಗಬಹುದು. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಹೊಸ ಟೆಂಟನ್ನು ಅಲ್ಲೇ ಹೋಗಿ ಬಿಚ್ಚಬೇಡಿ. ಸಕಲೇಶಪುರ, ಮೂಡಿಗೆರೆ ಕಡೆ ತೋಟ ಇರುವ ನೆಂಟರೋ ಸ್ನೇಹಿತರೋ ಒಬ್ಬರಾದರೂ ಇದ್ದೇ ಇರುತ್ತಾರೆ, ಅವರ ಕಾಫಿ ಕಣದ ಪಕ್ಕ ಒಂದು ರಾತ್ರಿ ಮಲಗಿ ನೋಡಿ. ಏನು ಮರೆತಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ.

ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿ.ಮೀ. ಚಿಕ್ಕಮಗಳೂರಿನವರಿಗೆ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇದ್ದೇ ಇದೆ. ಕತ್ತಲಿರುವಾಗಲೇ ಹೊರಡಿ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಜೋರಾಗುತ್ತದೆ, ಅಳಿವೆ ಹತ್ತಿರ ನೀರು ಕುಣಿಯುತ್ತದೆ, ಸಾಮಾನು ತುಂಬಿದ ಸಣ್ಣ ದೋಣಿಗೆ ಅದು ಸರಿಯಲ್ಲ.

ದೋಣಿಯಲ್ಲಿ

ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಈಜು ಬರುತ್ತದೆ ಅನ್ನುವವರೂ ಹಾಕಿಕೊಳ್ಳಿ. ಭಾರದ ಸಾಮಾನು ಮಧ್ಯದಲ್ಲಿ, ತಳದಲ್ಲಿ ಇರಲಿ. ಫೋಟೋ ತೆಗೆಯಲು ಎಲ್ಲರೂ ಒಂದೇ ಕಡೆ ವಾಲಬೇಡಿ. ಹಾಸಿಗೆ ಬಟ್ಟೆಗೆ ದುಬಾರಿ ಚೀಲ ಬೇಕಿಲ್ಲ. ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಅದನ್ನು ತೊಳೆದ ಗೊಬ್ಬರದ ಚೀಲದೊಳಗೆ ಇಟ್ಟರೆ ಸಾಕು.

ವಾಪಸ್ ಬರುವ ಹೊತ್ತನ್ನು ನೀವೇ ಹೇಳಬೇಡಿ. ಇಳಿತದಲ್ಲಿ ಕೆಲವು ಕಡೆ ದೋಣಿ ಮರಳಿಗೆ ಕೂತುಬಿಡುತ್ತದೆ. ‘ಎಷ್ಟೊತ್ತಿಗೆ ಬರಲಿಕ್ಕೆ ಆಗುತ್ತೆ ಅಣ್ಣಾ?’ ಅಂತ ಅವರನ್ನೇ ಕೇಳಿ.

ಟೆಂಟ್ ಎಲ್ಲಿ, ಹೇಗೆ

ದಂಡೆಯಲ್ಲಿ ಒಣ ಎಲೆ, ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಚೂರು ಉದ್ದಕ್ಕೆ ಗೆರೆಯಾಗಿ ಬಿದ್ದಿರುತ್ತವೆ. ಉಬ್ಬರ ಬಿಟ್ಟುಹೋದ ಗೆರೆ ಅದು. ಒಂದಲ್ಲ, ಎರಡು ಮೂರು ಗೆರೆ ಇರಬಹುದು. ಎಲ್ಲಕ್ಕಿಂತ ಮೇಲಿನದನ್ನು ಹುಡುಕಿ, ಅದನ್ನೂ ದಾಟಿ ಎತ್ತರದಲ್ಲಿ ಜಾಗ ನೋಡಿ. ನೀರಿನ ಅಂಚಿನಲ್ಲಿ ಒಂದು ಕೋಲು ನೆಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಎತ್ತರ ಅಂತ ತೆಂಗಿನ ಮರದ ಬುಡಕ್ಕೆ ಮಾತ್ರ ಹೋಗಬೇಡಿ. ಕಾಯಿ ಬೀಳಲು ಹೊತ್ತು ಗೊತ್ತು ಇಲ್ಲ. ಸರ್ವೆ ಮರ ಇದ್ದರೆ ಅದರ ನೆರಳು ಪರವಾಗಿಲ್ಲ, ಆದರೆ ಒಣ ಕೊಂಬೆ ಇದೆಯಾ ಅಂತ ತಲೆ ಎತ್ತಿ ನೋಡಿ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ನಮ್ಮ ಕೆಮ್ಮಣ್ಣಿನಲ್ಲಿ ಕಲ್ಲಿನಿಂದ ನಾಲ್ಕು ಬಡಿದರೆ ಆಯಿತು, ಇಲ್ಲಿ ಬೆರಳಲ್ಲಿ ಎಳೆದರೂ ಬರುತ್ತದೆ. ಸಣ್ಣ ಚೀಲಕ್ಕೆ ಮರಳು ತುಂಬಿ, ಬಾಯಿ ಬಿಗಿದು, ಹಗ್ಗವನ್ನು ಚೀಲದ ನಡುವಿಗೆ ಸುತ್ತಿ ಕಟ್ಟಿ, ಒಂದು ಮೊಳ ಆಳಕ್ಕೆ ಹೂತು, ಮೇಲೆ ಮರಳು ಎಳೆದು ಕಾಲಲ್ಲಿ ಚೆನ್ನಾಗಿ ತುಳಿಯಿರಿ. ನಾಲ್ಕು ಮೂಲೆಗೆ ನಾಲ್ಕು ಚೀಲ. ಗಾಳಿ ಸಂಜೆ ಸಮುದ್ರದಿಂದ ಬಂದರೆ ರಾತ್ರಿ ನೆಲದ ಕಡೆಯಿಂದ ತಿರುಗಬಹುದು, ಒಂದೇ ಪಕ್ಕ ಬಿಗಿದು ಮಲಗಬೇಡಿ. ನೀರಿಗೆ ಇಳಿಯುವಾಗ ಹಳೆ ಶೂ ಇರಲಿ, ಚಿಪ್ಪು ಕಾಲು ಕೊಯ್ಯುತ್ತದೆ.

ಸುತ್ತ ನೀರಿದ್ದರೂ ಅದು ಉಪ್ಪು. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕೈದು ಲೀಟರ್ ಹೊತ್ತುಕೊಂಡೇ ಹೋಗಿ. ಒಣ ಸೋಗೆ, ಸರ್ವೆ ಎಲೆ ಬಿದ್ದಲ್ಲಿ ಬೆಂಕಿ ಹಾಕಬೇಡಿ, ಸಣ್ಣ ಗ್ಯಾಸ್ ಸ್ಟೌ ಸಾಕು. ಟೆಂಟಿನೊಳಗೆ ಅದೂ ಬೇಡ. ಮೊದಲ ರಾತ್ರಿಗೆ ಮನೆಯ ಅಕ್ಕಿ ರೊಟ್ಟಿ, ಚಟ್ನಿಪುಡಿ ಇದ್ದರೆ ಆರಾಮ.

ಮನೆಗೆ ಬಂದ ಮೇಲೆ ಟೆಂಟನ್ನು ಸುಮ್ನೆ ಅಟ್ಟಕ್ಕೆ ಹಾಕಬೇಡಿ. ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ. ಉಪ್ಪು ಕೂತರೆ ಜಿಪ್ ಕಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಮೇಣದ ಬತ್ತಿಯಿಂದ ಎರಡು ಸಲ ಉಜ್ಜಿಡಿ. ಮರಳು ಮಾತ್ರ ಕಾರಿನ ಮೂಲೆಯಿಂದ ಯುಗಾದಿವರೆಗೂ ಹೋಗುವುದಿಲ್ಲ.