ಮೊಮ್ಮಕ್ಕಳ ಜೊತೆ ಚೌಕಾಬಾರ ಆಡೋದು ಹೇಗೆ: ಹುಣಸೆ ಬೀಜ ಉಜ್ಜೋದ್ರಿಂದ ಶುರು ಮಾಡಿ

ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬಂದಿದಾರೆ, ಕೈಲಿ ಮೊಬೈಲ್ ಬಿಟ್ರೆ ಬೇರೆ ಇಲ್ಲ ಅಂತ ಗೊಣಗ್ತಾ ಇರೋ ಅಜ್ಜಿಯರಿಗೆ ಇದು. ನನಗೂ ಇಬ್ರು ಗಂಡು ಮೊಮ್ಮಕ್ಕಳು, ದೊಡ್ಡೋನಿಗೆ ಎಂಟು, ಚಿಕ್ಕೋನಿಗೆ ಆರು. "ನಮ್ ಕಾಲದಲ್ಲಿ ನಾವು ಹೆಂಗಿದ್ವಿ ಗೊತ್ತಾ" ಅಂತ ಶುರು ಮಾಡಿದ್ರೆ ಇಬ್ರೂ ಎದ್ದು ಹೋಗ್ತಾರೆ, ಅದೇ ಕೈಗೆ ಒಂದು ಕೆಲಸ ಕೊಟ್ಟು ಕೂರಿಸಿದ್ರೆ ಕಥೆ ಅವರೇ ಕೇಳ್ತಾರೆ. ಅದಕ್ಕೇ ಚೌಕಾಬಾರ ಹೇಳ್ಕೊಡಿ, ನೆಲದ ಮೇಲೆ ಚೌಕದ ಮನೆ ಬರೆದು ಕಾಯಿ ನಡೆಸೋ ಆಟ. ಅಂಗಡಿಯಿಂದ ರೆಡಿ ಬೋರ್ಡು, ಕವಡೆ ತರಬೇಡಿ, ಎಲ್ಲಾ ಮನೇಲೇ ಮಾಡಿಸಿ.

ಮೊದ್ಲು ಹುಣಸೆ ಬೀಜ, ಕವಡೆ ಬದಲು ಇದನ್ನೇ ಹಾಕಿ ಆಡೋದು. ಶಿವರಾತ್ರಿ ಆದ್ಮೇಲೆ ಯುಗಾದಿ ಹೊತ್ತಿಗೆ ಹೊಸ ಹುಣಸೆಹಣ್ಣು ಬರುತ್ತಲ್ಲ, ಆಗ ಬೀಜ ತೆಗೀದೇ ಇರೋದನ್ನ ಒಂದು ಕೆಜಿ ತನ್ನಿ, ಬೀಜ ಬಿಡಿಸೋಕೆ ಹುಡುಗರನ್ನೇ ಕೂರಿಸಿ. ನಾವು ಚಿಕ್ಕೋರಿದ್ದಾಗ ನಮ್ಮೂರಲ್ಲಿ ಜಗಲಿ ಮೇಲೆ ಮೂಟೆಗಟ್ಟಲೆ ಹುಣಸೆಹಣ್ಣು ಸುರ್ಕೊಂಡು ಅಮ್ಮ, ಅತ್ತೆ, ಪಕ್ಕದ ಮನೆಯೋರು ಎಲ್ಲಾ ಕುಟ್ತಾ ಕೂರೋರು, ನಮಗೆ ಕೂಲಿ ಅಂದ್ರೆ ಬೀಜ, ಹುರಿದು ನೆನೆಸಿ ಜಗಿಯೋಕೆ ಒಂದಷ್ಟು, ಆಟಕ್ಕೆ ಒಂದಷ್ಟು. ಚಪ್ಪಟೆಯಾಗಿ, ದಪ್ಪಗೆ, ಒಂದೇ ಸೈಜಿಂದು ನಾಲ್ಕು ಆರಿಸಿ. ಒಂದು ಮಗ್ಗುಲನ್ನ ಮಾತ್ರ ಒರಟು ಕಲ್ಲಿನ ಮೇಲೆ ಉಜ್ಜಬೇಕು, ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣೋವರೆಗೂ. ಫ್ಲಾಟ್ ಟೈಲ್ಸ್ ಮೇಲೆ ಆಗಲ್ಲ, ಜಾರುತ್ತೆ, ಕೆಳಗೆ ಕಾಂಪೌಂಡಿನ ಸಿಮೆಂಟ್ ನೆಲಕ್ಕೆ ಕರ್ಕೊಂಡು ಹೋಗಿ.

ಇಲ್ಲೊಂದು ಮಜಾ ಇದೆ. ಜೋರಾಗಿ ಉಜ್ಜಿದಾಗ ಬೀಜ ಸುಡೋಷ್ಟು ಬಿಸಿ ಆಗುತ್ತೆ, ತಕ್ಷಣ ಪಕ್ಕದೋರ ತೋಳಿಗೆ ಇಟ್ರೆ ಚುರ್ ಅನ್ನುತ್ತೆ. ನಾನು ನಮ್ಮಕ್ಕನಿಗೆ ಇಟ್ಟು ಓಡಿ ಹೋಗಿ ಕೊಟ್ಟಿಗೇಲಿ ಬಚ್ಚಿಟ್ಕೊತಿದ್ದೆ. ಇದನ್ನ ಹುಡುಗರಿಗೆ ಹೇಳ್ಬೇಕೋ ಬೇಡ್ವೋ ನೀವೇ ಯೋಚ್ನೆ ಮಾಡಿ, ನಾನಂತೂ ಹೇಳ್ದೆ, ಐದು ನಿಮಿಷದಲ್ಲಿ ಚಿಕ್ಕೋನು "ಅಜ್ಜೀ ನೋಡು ಇವ್ನು" ಅಂತ ಕಿರುಚ್ತಾ ಬಂದ, ಆಮೇಲೆ ಅವನೇ ಇನ್ನೊಂದು ಬೀಜ ತಗೊಂಡು ಅಣ್ಣನಿಗಿಂತ ಜೋರಾಗಿ ಉಜ್ಜೋಕೆ ಕೂತ.

ಮನೆ ಬರೆಯೋದು ಸುಲಭ. ಸೀಮೆಸುಣ್ಣದಲ್ಲಿ ದೊಡ್ಡ ಚೌಕ ಎಳೆದು ಅಡ್ಡ ಐದು ಉದ್ದ ಐದು, ಒಟ್ಟು 25 ಮನೆ. ನಾಲ್ಕೂ ಪಕ್ಕದ ನಡುವಿನ ಮನೆಗೆ ಮತ್ತೆ ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ, ಇವು ಕಟ್ಟೆ, ಇಲ್ಲಿರೋ ಕಾಯಿನ ಯಾರೂ ಕಡಿಯೋ ಹಾಗಿಲ್ಲ. ಹಳೇ ದೇವಸ್ಥಾನಕ್ಕೆ ಹೋದಾಗ ಜಗಲಿ ಕಲ್ಲುಗಳನ್ನ ನೋಡ್ತಾ ಬನ್ನಿ, ಎಷ್ಟೋ ಕಡೆ ಇಂಥ ಆಟದ ಮನೆಗಳನ್ನ ಕಲ್ಲಲ್ಲೇ ಕೆತ್ತಿರ್ತಾರೆ, ಹುಡುಗರಿಗೆ ತೋರಿಸಿದ್ರೆ ದೇವರಿಗಿಂತ ಅದನ್ನೇ ಜಾಸ್ತಿ ಹೊತ್ತು ನೋಡ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇಂಥ ಮನೆಯಾಟಗಳ ಹುಚ್ಚು ಬಹಳ ಇತ್ತು, ತಾವೇ ಹೊಸ ಹೊಸ ಆಟ ಕಟ್ಟಿದ್ರು. ರಾಜರೇ ಆಡ್ತಿದ್ರು ಅಂದ ಕೂಡ್ಲೇ ನಮ್ಮ ದೊಡ್ಡೋನು ಸ್ವಲ್ಪ ನೆಟ್ಟಗೆ ಕೂತ.

ಕಾಯಿ ಒಬ್ಬೊಬ್ರಿಗೆ ನಾಲ್ಕು. ನಾವು ಬಳೆಚೂರಲ್ಲಿ ಆಡ್ತಿದ್ವಿ, ಚಿಕ್ಕ ಮಕ್ಕಳಿಗೆ ಕೊಡ್ಬೇಡಿ, ಕೈ ಕುಯ್ಯುತ್ತೆ, ಶರ್ಟ್ ಗುಂಡಿ, ಅವರೆಕಾಳು, ಕಡ್ಲೆಕಾಯಿ ಸಿಪ್ಪೆ ಏನಾದ್ರೂ ಆಗುತ್ತೆ.

ಬೀಜ ನಾಲ್ಕನ್ನೂ ಎರಡು ಕೈಯಲ್ಲಿ ಕುಲುಕಿ ಒಂದು ಗೇಣು ಎತ್ತರದಿಂದ ಬಿಡ್ಬೇಕು. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೀಬೇಕು. ನಾಲ್ಕೂ ಬಿಳಿ ಬಿದ್ರೆ ಚೌಕ, ಅಂದ್ರೆ ನಾಲ್ಕು, ಒಂದೂ ಬಿಳಿ ಬೀಳದೇ ಇದ್ರೆ ಬಾರ, ಅದು ಎಂಟು, ಎರಡಕ್ಕೂ ಇನ್ನೊಂದು ಆಟ ಸಿಗುತ್ತೆ. ಕಾಯಿ ತನ್ನ ಕಟ್ಟೆಯಿಂದ, ಅಂದ್ರೆ ಆಡೋರು ಕೂತಿರೋ ಪಕ್ಕದ ಕತ್ತರಿ ಮನೆಯಿಂದ ಹೊರಟು ಹೊರಗಿನ ಸುತ್ತನ್ನ ಅಪ್ರದಕ್ಷಿಣೆಯಾಗಿ ಸುತ್ತಿ, ತನ್ನ ಕಟ್ಟೆಯ ಹಿಂದಿನ ಮನೆಗೆ ಬಂದ್ಮೇಲೆ ಒಳಗಿನ ಸುತ್ತಿಗೆ ಹತ್ತಿ, ಅಲ್ಲಿ ಪ್ರದಕ್ಷಿಣೆಯಾಗಿ ಸುತ್ತಿ ನಡುಮನೆ ಸೇರಿದ್ರೆ ಹಣ್ಣು, ಅಂದ್ರೆ ಆ ಕಾಯಿ ಗುರಿ ಮುಟ್ಟಿದ ಹಾಗೆ. ಹೊರಗೆ 15 ಹೆಜ್ಜೆ, ಒಳಗೆ 8, ನಡುಮನೆಗೆ 1, ಒಟ್ಟು 24. ಇದನ್ನ ನೀವು ಹೇಳ್ಬೇಡಿ, ದೊಡ್ಡ ಮಕ್ಕಳೇ ಎಣಿಸಿ ಕಂಡುಹಿಡೀಲಿ. ಎದುರಾಳಿ ಕಾಯಿ ಇರೋ ಮನೆಗೆ ನೀವು ಹೋದ್ರೆ ಅದನ್ನ ಕಡಿದ ಹಾಗೆ, ಅದು ವಾಪಸ್ ತನ್ನ ಕಟ್ಟೆಗೆ, ನಿಮಗೆ ಇನ್ನೊಂದು ಆಟ. ಒಬ್ಬರನ್ನಾದ್ರೂ ಕಡೀದೇ ಒಳಸುತ್ತಿಗೆ ಹೋಗೋ ಹಾಗಿಲ್ಲ. ಒಂದೊಂದು ಮನೇಲಿ ಒಂದೊಂದು ನಿಯಮ ಇರುತ್ತೆ, ಬೀಗರ ಮನೆಯೋರ ಜೊತೆ ಆಡೋದಾದ್ರೆ ಶುರುವಿಗೇ ಮಾತಾಡ್ಕೊಳ್ಳಿ, ಇಲ್ಲಾಂದ್ರೆ ಜಗಳ ಗ್ಯಾರಂಟಿ.

ಚಿಕ್ಕ ಮಕ್ಕಳ ಜೊತೆ ನಾಲ್ಕು ಕಾಯಿ ಬೇಡ, ಆಟ ಮುಗಿಯೋದೇ ಇಲ್ಲ, ಎರಡು ಸಾಕು. ಆರು ವರ್ಷದೋನಿಗೆ ಕಾಯಿ ಕಡಿಸ್ಕೊಂಡ್ರೆ ಅಳು ಬರುತ್ತೆ, ಅವನನ್ನ ನಿಮ್ಮ ಪಾರ್ಟಿಗೆ ಹಾಕ್ಕೊಳ್ಳಿ, ಬೀಜ ಅವನು ಹಾಕ್ಲಿ, ನಡೆ ನೀವು ಹೇಳಿ. ಆದ್ರೆ ಬೇಕಂತ ಸೋಲ್ಬೇಡಿ. ನಮ್ಮ ಸೋದರತ್ತೆ ಒಬ್ರಿದ್ರು, ಕೇಳಿದ ಸಂಖ್ಯೆ ಬೀಳಿಸೋರು, ನಮ್ಮಂಥ ಚಿಳ್ಳೆಪಿಳ್ಳೆಗಳ ಮೇಲೂ ಕರುಣೆ ತೋರಿಸ್ತಿರಲಿಲ್ಲ, "ಬಾರಾ" ಅಂತ ಕೂಗಿ ಕಾಯಿ ಕಡಿದು ಸೀದಾ ಕಟ್ಟೆಗೆ ಎಸೀತಿದ್ರು. ಅವರನ್ನ ಒಂದ್ಸಲ ಸೋಲಿಸಿದ್ದಕ್ಕೆ ನಾನು ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದೆ, ಮಕ್ಕಳಿಗೆ ಆ ಖುಷಿ ಸಿಗ್ಬೇಕಾದ್ರೆ ನೀವು ನಿಜವಾಗ್ಲೂ ಆಡ್ಬೇಕು.

ಮೋಸ ಮಾಡ್ತಾರೆ, ಅದಕ್ಕೆ ತಯಾರಾಗಿರಿ. ಬೀಜನ ಕುಲುಕದೇ ನಿಧಾನವಾಗಿ ಉರುಳಿಸೋದು, ಎಣಿಸುವಾಗ ಒಂದು ಮನೆ ಹಾರೋದು, ನೀವು ಒಲೆ ಮೇಲಿನ ಹಾಲು ನೋಡೋಕೆ ಎದ್ದಾಗ ಕಾಯಿ ಸರಿಸೋದು. ಹಾಲು ಇಳಿಸಿಯೇ ಕೂರಿ. ಮತ್ತೆ ನಾಲ್ಕು ಬೀಜದ ಜೊತೆ ಇನ್ನೊಂದು ಆರು ಉಜ್ಜಿಟ್ಟಿರಿ, ದಿನಕ್ಕೊಂದು ಸೋಫಾ ಕೆಳಗೆ ಹೋಗೇ ಹೋಗುತ್ತೆ.