ಪಾರ್ಕಿನ ದುಡ್ಡು ಕಡಿತವಾದರೆ ಯಾರನ್ನು, ಯಾವಾಗ, ಏನು ಕೇಳಬೇಕು

ಪಾರ್ಕಿನ ಗೇಟಿಗೆ ಬೀಗ ಬಿದ್ದ ಮೇಲೆ ಹೋಗಿ ಕೇಳಿದರೆ ತಡವಾಗಿರುತ್ತದೆ. ಇದನ್ನು ನಾವು ಎರಡು ವರ್ಷ ಓಡಾಡಿ ಕಲಿತೆವು. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಣ್ಣ ಊರು, ಹೆಸರು ಬೇಡ. ನಮ್ಮ ಬಡಾವಣೆಯ ಪಾರ್ಕಿಗೆ ಒಬ್ಬ ಮಾಲಿ ಇದ್ದರು. ಬೆಳಿಗ್ಗೆ ಐದೂವರೆಗೆ ಗೇಟು ತೆಗೆಯುತ್ತಿದ್ದರು, ಗಿಡಕ್ಕೆ ನೀರು ಬಿಡುತ್ತಿದ್ದರು, ಉಯ್ಯಾಲೆಯ ಸರಪಳಿ ಸಡಿಲವಾದರೆ ತಾವೇ ಬಿಗಿ ಮಾಡುತ್ತಿದ್ದರು. ಒಂದು ಏಪ್ರಿಲ್‌ನಿಂದ ಅವರು ಬರಲಿಲ್ಲ. ನಗರಸಭೆಯಲ್ಲಿ ಕೇಳಿದರೆ ‘ಈ ವರ್ಷ ಅದಕ್ಕೆ ಅನುದಾನ ಇಲ್ಲ’ ಅಂದರು. ಮಕ್ಕಳ ಬೇಸಿಗೆ ಶಿಬಿರವೂ ಅದೇ ವರ್ಷ ನಿಂತಿತು. ಮಳೆ ಬಿದ್ದ ಮೇಲೆ ಪಾರ್ಥೇನಿಯಂ ಸೊಂಟದೆತ್ತರ ಬೆಳೆಯಿತು, ದೀಪ ಒಂದೂ ಉರಿಯದೆ ಹೋಯಿತು, ಬೆಳಗಿನ ಜಾವ ವಾಕಿಂಗ್ ಬರುತ್ತಿದ್ದ ಹೆಂಗಸರು ಬರುವುದನ್ನೇ ಬಿಟ್ಟರು. ನಾವು ಜುಲೈನಲ್ಲಿ ನಲವತ್ತು ಜನ ಸಹಿ ಹಾಕಿ ನಗರಸಭೆಗೆ ಮನವಿ ಕೊಟ್ಟೆವು. ಅವರು ಮರ್ಯಾದೆಯಿಂದಲೇ ತಗೊಂಡರು. ಆದರೆ ಆ ವರ್ಷದ ಬಜೆಟ್ ಮಾರ್ಚ್‌ನಲ್ಲೇ ಆಗಿಹೋಗಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮೂರು ಶಿಡ್ಲಘಟ್ಟ ಆಗಲಿ, ಮಾಲೂರು ಆಗಲಿ, ತಿಪಟೂರು ಆಗಲಿ, ದಾರಿ ಹೆಚ್ಚುಕಡಿಮೆ ಒಂದೇ.

ಮೊದಲು ಆ ಜಾಗ ಯಾರ ಕೈಯಲ್ಲಿದೆ ಅಂತ ತಿಳಿದುಕೊಳ್ಳಿ. ಇದರಲ್ಲೇ ಅರ್ಧ ಜನ ತಪ್ಪುತ್ತಾರೆ. ಬಡಾವಣೆ ಪಾರ್ಕು ಸಾಮಾನ್ಯವಾಗಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದ್ದು. ಆದರೆ ಲೇಔಟ್ ಮಾಡಿದವರಿಂದ ಅದು ನಗರಸಭೆಗೆ ಇನ್ನೂ ಹಸ್ತಾಂತರ ಆಗದಿದ್ದರೆ ನಗರಸಭೆ ಅದಕ್ಕೆ ಒಂದು ರೂಪಾಯಿ ಹಾಕುವುದಿಲ್ಲ, ಆಗ ಮೊದಲು ಹಸ್ತಾಂತರದ ಕಾಗದ ಹಿಡಿಯಬೇಕು. ಜಿಲ್ಲಾ ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಶಾಲೆ ಮೈದಾನ ಶಿಕ್ಷಣ ಇಲಾಖೆಯದ್ದು. ಬೇಸಿಗೆ ಶಿಬಿರವನ್ನು ಬಾಲಭವನದವರು ಮಾಡುತ್ತಿದ್ದರೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯನ್ನು ಕೇಳಬೇಕು. ತುಮಕೂರಿನವರಿಗೆ ಇನ್ನೊಂದು ಮಾತು. ನಿಮ್ಮ ನಗರ 2016ರಲ್ಲಿ ಸ್ಮಾರ್ಟ್ ಸಿಟಿಗೆ ಆಯ್ಕೆಯಾಯಿತು, ಆ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ಅದರಲ್ಲಿ ಕಟ್ಟಿದ ಪಾರ್ಕು, ಆಟದ ಅಂಕಣಗಳ ನಿರ್ವಹಣೆ ಈಗ ಯಾರ ಲೆಕ್ಕದಲ್ಲಿದೆ, ಅದಕ್ಕೆ ಪಾಲಿಕೆ ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದಾರೆ ಅಂತ ಈಗಲೇ ಕೇಳಿಡಿ.

ಇನ್ನು ಬಜೆಟ್ ಪುಸ್ತಕ. ಹೆದರಬೇಡಿ, ಮದುವೆ ಖರ್ಚಿನ ಪಟ್ಟಿ ಓದಲು ಬಂದರೆ ಇದೂ ಬರುತ್ತದೆ. ಪುಸ್ತಕದ ಕೊನೆಯ ಭಾಗಕ್ಕೆ ಹೋಗಿ ‘ಉದ್ಯಾನವನ’, ‘ಆಟದ ಮೈದಾನ’, ‘ಕ್ರೀಡೆ’ ಅನ್ನುವ ಸಾಲುಗಳನ್ನು ಹುಡುಕಿ. ಪಕ್ಕದಲ್ಲಿ ಅಂಕಣಗಳಿರುತ್ತವೆ. ಹಿಂದಿನ ವರ್ಷ ನಿಜವಾಗಿ ಖರ್ಚಾದದ್ದು, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು (ಅಂದರೆ ವರ್ಷದ ನಡುವೆ ತಿದ್ದಿದ ಅಂಕಿ), ಮುಂದಿನ ವರ್ಷದ ಅಂದಾಜು. ಎಲ್ಲರೂ ನೋಡುವುದು ಕೊನೆಯ ಅಂಕಣ. ನೀವು ನೋಡಬೇಕಾದ್ದು ಮೊದಲನೆಯದು ಮತ್ತು ಪರಿಷ್ಕೃತ ಅಂದಾಜು. ನಮ್ಮೂರಲ್ಲಿ ಆದದ್ದು ಇದೇ. ಬಜೆಟ್ ದಿನ ಪಾರ್ಕಿಗೆ ಅಂತ ಒಳ್ಳೆಯ ಮೊತ್ತ ಓದಿದ್ದರು, ಪತ್ರಿಕೆಯಲ್ಲೂ ಬಂದಿತ್ತು. ಆಮೇಲೆ ಪರಿಷ್ಕೃತ ಅಂದಾಜಿನಲ್ಲಿ ಅದು ಅರ್ಧಕ್ಕೆ ಇಳಿದಿತ್ತು, ನಿಜವಾಗಿ ಖರ್ಚಾದದ್ದು ಅದಕ್ಕಿಂತ ಕಡಿಮೆ. ಮುಂದಿನ ವರ್ಷ ‘ಹೋದ ವರ್ಷ ಕೊಟ್ಟದ್ದೇ ಖರ್ಚಾಗಿಲ್ಲ ಅಲ್ವಾ, ಜಾಸ್ತಿ ಯಾಕೆ’ ಅಂತ ಸಾಲನ್ನೇ ಚಿಕ್ಕದು ಮಾಡಿದರು. ಕಡಿತ ಆಗುವುದು ಹೀಗೆ. ಯಾರೂ ಎದ್ದು ನಿಂತು ‘ಪಾರ್ಕಿನ ದುಡ್ಡು ತೆಗೆಯುತ್ತಿದ್ದೇವೆ’ ಅಂತ ಹೇಳುವುದಿಲ್ಲ.

‘ದುಡ್ಡಿಲ್ಲ’ ಅನ್ನುವ ಉತ್ತರ ಪೂರ್ತಿ ಸುಳ್ಳಲ್ಲ, ಅದನ್ನೂ ತಿಳಿದಿರಬೇಕು. ಸಣ್ಣ ಊರಿನ ನಗರಸಭೆಗೆ ಬರುವ ಹಣದಲ್ಲಿ ಬಹಳಷ್ಟು ಮೊದಲೇ ಕಟ್ಟಿಟ್ಟ ಗಂಟು. ಕೇಂದ್ರದ 15ನೇ ಹಣಕಾಸು ಆಯೋಗದ ಹಣದಲ್ಲಿ, ಅಂದರೆ 2021ರಿಂದ 2026ರವರೆಗೆ ಬಂದದ್ದರಲ್ಲಿ, ದೊಡ್ಡ ಪಾಲು ಕುಡಿಯುವ ನೀರು ಮತ್ತು ಕಸಕ್ಕೇ ಮೀಸಲಾಗಿತ್ತು. ಸ್ವಂತ ನಿಧಿಯಲ್ಲೂ ಶೇ 24.10, ಶೇ 7.25, ಶೇ 5 ಅಂತ ಪರಿಶಿಷ್ಟರಿಗೆ, ಇತರ ಬಡವರಿಗೆ, ಅಂಗವಿಕಲರಿಗೆ ತೆಗೆದಿಡಬೇಕು. ಅದು ನ್ಯಾಯವಾದದ್ದು, ಅದರ ಮೇಲೆ ಕಣ್ಣು ಹಾಕಬಾರದು. ನಮ್ಮ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿ ಹೋಗಿದೆ, ಮೋಟಾರಿನ ಕರೆಂಟ್ ಬಿಲ್ಲು, ಬೀದಿದೀಪದ ಬಿಲ್ಲು, ಹೊರಗುತ್ತಿಗೆಯವರ ಸಂಬಳ ಎಲ್ಲ ಹೋಗಿ ಉಳಿದದ್ದರಲ್ಲಿ ಪಾರ್ಕು. ಆ ಉಳಿದದ್ದು ಬರುವುದು ಮನೆ ಕಂದಾಯ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕದಿಂದ. ನಿಮ್ಮ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಸೆಸ್, ಆರೋಗ್ಯ ಸೆಸ್, ಭಿಕ್ಷುಕರ ಸೆಸ್ ಅಂತ ಇರುತ್ತದೆ. ಪಾರ್ಕಿನ ಸೆಸ್ ಅಂತ ಇಲ್ಲ. ಹಾಗಾಗಿ ಪಾರ್ಕು ಉಳಿಯಬೇಕಾದರೆ ಸ್ವಂತ ನಿಧಿ ಉಳಿಯಬೇಕು. ನಮ್ಮ ಗುಂಪಿನಲ್ಲಿ ಮೊದಲು ಮಾಡಿದ ಕೆಲಸ, ಎಲ್ಲರೂ ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದ್ದು. ಶೇ 5 ರಿಯಾಯಿತಿಯೂ ಸಿಕ್ಕಿತು, ರಸೀದಿಗಳ ನಕಲು ಮನವಿ ಜೊತೆ ಲಗತ್ತಿಸಿದೆವು. ಬಾಕಿ ಇಟ್ಟುಕೊಂಡು ಕೇಳಲು ಹೋದರೆ ಮಾತು ಅಲ್ಲೇ ನಿಲ್ಲುತ್ತದೆ.

ಈಗ ಮುಖ್ಯವಾದದ್ದು. ಏನು ಕೇಳಬೇಕು? ‘ಪಾರ್ಕು ಅಭಿವೃದ್ಧಿ ಮಾಡಿ’ ಅಂತ ಬರೆಯಬೇಡಿ. ಹಾಗೆ ಬರೆದರೆ ಹೊಸ ಕಮಾನು ಬರುತ್ತದೆ, ಬಣ್ಣ ಬಣ್ಣದ ಓಪನ್ ಜಿಮ್ ಬರುತ್ತದೆ, ಉದ್ಘಾಟನೆ ಆಗುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಪಾರ್ಕನ್ನು ಉಳಿಸುವುದು ಆಳು, ನೀರು, ದೀಪ ಈ ಮೂರೇ. ಅದನ್ನೇ ಲೆಕ್ಕ ಹಾಕಿ ಬರೆಯಿರಿ. ಅರ್ಧ ಎಕರೆ ಪಾರ್ಕು ಅಂದುಕೊಳ್ಳಿ. ಮಾಲಿಗೆ ತಿಂಗಳಿಗೆ 15 ಸಾವಿರ ಅಂದರೆ ವರ್ಷಕ್ಕೆ 1 ಲಕ್ಷ 80 ಸಾವಿರ. ಬೇಸಿಗೆಯ ನಾಲ್ಕು ತಿಂಗಳಿಗೆ ಟ್ಯಾಂಕರ್ ನೀರಿಗೆ 24 ಸಾವಿರ. ಬಲ್ಬು, ವೈರಿಗೆ 15 ಸಾವಿರ. ಉಯ್ಯಾಲೆ, ಜಾರುಬಂಡಿ, ಗೇಟಿನ ರಿಪೇರಿಗೆ 20 ಸಾವಿರ. ಒಟ್ಟು 2 ಲಕ್ಷ 39 ಸಾವಿರ. ಇದು ಉದಾಹರಣೆಗೆ ಹಾಕಿದ ಲೆಕ್ಕ, ನಿಮ್ಮೂರಿನ ದರ ವಿಚಾರಿಸಿ ನಿಮ್ಮ ಅಂಕಿ ಹಾಕಿ. ಒಂದು ಹಾಳೆ ಸಾಕು. ಅಂಕಿ ಇರುವ ಒಂದು ಹಾಳೆಯನ್ನು ನಮ್ಮ ವಾರ್ಡಿನ ಸದಸ್ಯರು ಸಭೆಯಲ್ಲಿ ಹಾಗೇ ಓದಿದರು. ಹೋದ ವರ್ಷ ಕೊಟ್ಟಿದ್ದ ನಾಲ್ಕು ಪುಟದ ಮನವಿಯನ್ನು ಯಾರೂ ಓದಿರಲಿಲ್ಲ.

ಅಂಕಿ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು, ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು, ಬಾರದಿದ್ದರೆ ಮೇಲ್ಮನವಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು ಅನ್ನುವ ನಿಯಮ ಇದೆ, ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ‘ಯಾಕೆ’ ಅಂತ ಕೇಳಬೇಡಿ, ದಾಖಲೆ ಕೇಳಿ. ನಾವು ಬರೆದದ್ದು ಇಷ್ಟೇ:

‘ಇಂಥ ವಾರ್ಡಿನ ಇಂಥ ಉದ್ಯಾನವನದ ನಿರ್ವಹಣೆಗೆ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಬಜೆಟ್‌ನಲ್ಲಿ ಇಟ್ಟ ಮೊತ್ತ, ಪರಿಷ್ಕೃತ ಮೊತ್ತ ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು. ನಿರ್ವಹಣೆಗೆ ಕೊಟ್ಟ ಕಾರ್ಯಾದೇಶದ ನಕಲು. ಈ ಬಗ್ಗೆ ಸಾಮಾನ್ಯ ಸಭೆಯಲ್ಲಿ ಆದ ನಡಾವಳಿಯ ನಕಲು.’

ಕಡತವನ್ನು ಕಚೇರಿಗೇ ಹೋಗಿ ಕೂತು ನೋಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ನನಗೆ ಅದೇ ಜಾಸ್ತಿ ಉಪಯೋಗವಾಯಿತು. ಒಂದು ಮಧ್ಯಾಹ್ನ ಕೂತು ಹಾಳೆ ತಿರುವಿದರೆ ಎಷ್ಟೋ ವಿಷಯ ಕಣ್ಣಿಗೆ ಬೀಳುತ್ತದೆ, ಜೊತೆಗೆ ಅಲ್ಲಿನ ಗುಮಾಸ್ತರ ಪರಿಚಯವೂ ಆಗುತ್ತದೆ. ಅವರೂ ನಮ್ಮೂರಿನವರೇ, ಅವರ ಮಕ್ಕಳೂ ಅದೇ ಪಾರ್ಕಿನಲ್ಲಿ ಆಡಿದವರು. ಅವರ ಮೇಲೆ ಕೂಗಾಡಬೇಡಿ.

ಸಮಯದ ವಿಷಯ. ಹೊಸ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರು. ಬಜೆಟ್ ಮಂಡನೆ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ. ಅದಕ್ಕೂ ಮೊದಲು ‘ಬಜೆಟ್ ಪೂರ್ವಭಾವಿ ಸಭೆ’ ಅಂತ ಕರೆದು ಸಾರ್ವಜನಿಕರ ಸಲಹೆ ಕೇಳುತ್ತಾರೆ. ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಪ್ರಕಟಣೆ, ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ, ಅಷ್ಟೇ ಇರುತ್ತದೆ. ಡಿಸೆಂಬರ್‌ನಿಂದಲೇ ವಾರಕ್ಕೊಮ್ಮೆ ಯಾರಾದರೂ ಒಬ್ಬರು ಹೋಗಿ ನೋಡಿಬನ್ನಿ. ನಾವು ಹೋದ ಸಭೆಯಲ್ಲಿ ಚರಂಡಿ, ರಸ್ತೆ, ಬೀದಿನಾಯಿ ಬಗ್ಗೆ ಮಾತಾಡುವವರೇ ತುಂಬಿದ್ದರು. ಪಾರ್ಕಿನ ಬಗ್ಗೆ ಮಾತಾಡಿದ್ದು ನಾವು ಆರು ಜನ ಮಾತ್ರ, ಅದಕ್ಕೇ ನೆನಪಿನಲ್ಲಿ ಉಳಿದೆವು. ಯಾರು ಮಾತಾಡಬೇಕು ಅನ್ನುವುದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೋಗಿ. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು, ಸಂಜೆ ವಾಲಿಬಾಲ್ ಆಡುವ ಹುಡುಗ ಒಬ್ಬ, ಮತ್ತೆ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುವ ಒಬ್ಬ ತಾಯಿ. ಆಕೆ ಹೇಳಿದ್ದು ಎರಡೇ ಮಾತು. ‘ಸಾರ್, ನಾನು ಬರೋತನಕ ಮಕ್ಕಳು ಪಾರ್ಕಲ್ಲಿ ಇರ್ತಿದ್ರು. ಈಗ ರೋಡಲ್ಲಿ ಇರ್ತಾರೆ.’ ಸಭೆ ಒಂದು ಗಳಿಗೆ ಸುಮ್ಮನಾಯಿತು.

ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಬಿಡಬೇಡಿ, ಮನವಿಯನ್ನು ಅವರಿಗೇ ಕೊಡಿ, ಒಂದು ಪ್ರತಿ ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ, ಇನ್ನೊಂದು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ. ಎಲ್ಲ ಕಡೆ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಮನವಿ ಕೊಟ್ಟಂತೆಯೇ ಅಲ್ಲ.

ಮನವಿಯಲ್ಲಿ ಕಾನೂನಿನ ಎರಡು ಸಾಲು ಇರಲಿ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಇದೆ, ಪಾರ್ಕು, ತೋಟ, ಆಟದ ಮೈದಾನ ಅದರಲ್ಲಿ 12ನೆಯದು. ಇನ್ನೊಂದು, ಕರ್ನಾಟಕದ 1985ರ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಬೇಕು ಅನ್ನುತ್ತದೆ ಅದು. ನಿಮ್ಮ ಪಾರ್ಕು ಆ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ. ಇದು ಸಣ್ಣ ವಿಷಯ ಅಲ್ಲ. ದುಡ್ಡಿಲ್ಲದೆ ಹಾಳು ಬಿದ್ದ ಪಾರ್ಕು ಎರಡು ಮೂರು ವರ್ಷದಲ್ಲಿ ‘ಖಾಲಿ ಜಾಗ’ ಆಗುತ್ತದೆ, ಆಮೇಲೆ ಅಲ್ಲಿ ನೀರಿನ ಟ್ಯಾಂಕೋ ಕಟ್ಟಡವೋ ಬರುತ್ತದೆ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, ಹೈಕೋರ್ಟ್ ಅದನ್ನು ರದ್ದು ಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವೇ ನಿಂತಿತು.

ಬೇರೆ ಕಡೆಯಿಂದ ದುಡ್ಡು ತರಬಹುದಾ? ತರಬಹುದು, ಆದರೆ ಯಾವುದು ಯಾವುದಕ್ಕೆ ಅಂತ ಗೊತ್ತಿರಲಿ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಎರಡೂ ಕಾಂಪೌಂಡ್, ದೀಪದ ಕಂಬದಂಥ ಆಸ್ತಿಗೆ, ಮಾಲಿಯ ಸಂಬಳಕ್ಕಲ್ಲ. ನರಸಾಪುರ, ವೇಮಗಲ್, ವಸಂತನರಸಾಪುರ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡುವ ನಿಯಮ ಇದೆ. ಕೇಳಿ ನೋಡಿ, ಆದರೆ ಒಪ್ಪಂದ ನಗರಸಭೆ ಮತ್ತು ಕಂಪನಿ ನಡುವೆ ಆಗಲಿ, ನಿಮ್ಮ ಸಂಘದ ಖಾತೆಗೆ ದುಡ್ಡು ಬೇಡ. ಆಮೇಲೆ ಲೆಕ್ಕದ ಜಗಳಕ್ಕೆ ಗುಂಪೇ ಒಡೆಯುತ್ತದೆ.

ಶ್ರಮದಾನ ಮಾಡಿ, ನಾವೂ ಮಾಡಿದೆವು. ಭಾನುವಾರ ಇಪ್ಪತ್ತು ಜನ ಸೇರಿ ಪಾರ್ಥೇನಿಯಂ ಕಿತ್ತೆವು. ಆದರೆ ನಾಲ್ಕನೇ ಭಾನುವಾರಕ್ಕೆ ಐದು ಜನ ಉಳಿದೆವು. ದಿನಾ ನೀರು ಬಿಡುವ ಕೆಲಸ ಭಾನುವಾರದ ಉತ್ಸಾಹದಲ್ಲಿ ಆಗುವುದಿಲ್ಲ, ಅದಕ್ಕೆ ಸಂಬಳ ಪಡೆಯುವ ಮನುಷ್ಯನೇ ಬೇಕು. ಪ್ರವೇಶ ಶುಲ್ಕ ಇಡೋಣ ಅಂತ ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಐದು ರೂಪಾಯಿ ಇಟ್ಟ ದಿನವೇ ಆ ನೂಲು ತೆಗೆಯುವ ತಾಯಿಯ ಮಕ್ಕಳು ಹೊರಗೆ ಉಳಿಯುತ್ತಾರೆ.

ಬೇಸಿಗೆ ಶಿಬಿರ ಮಾತ್ರ ಕಡಿಮೆ ದುಡ್ಡಿನಲ್ಲಿ ಎಬ್ಬಿಸಬಹುದು. ಸರ್ಕಾರಿ ಶಾಲೆಯ ಮೈದಾನಕ್ಕೆ ಅನುಮತಿ, ಒಬ್ಬ ನಿವೃತ್ತ ಪಿ.ಟಿ. ಮೇಷ್ಟ್ರು, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಖೋಖೋ, ಕಬಡ್ಡಿ, ಕೊನೆಗೆ ಎಲ್ಲರಿಗೂ ಮಜ್ಜಿಗೆ. ಹೆಣ್ಣುಮಕ್ಕಳು ಬರಬೇಕು ಅಂದರೆ ಶೌಚಾಲಯದ ಬೀಗದ ಕೈ ಮೊದಲ ದಿನವೇ ಇಸ್ಕೊಳ್ಳಿ.

ಬಜೆಟ್‌ನಲ್ಲಿ ನಿಮ್ಮ ಸಾಲು ಬಂತು ಅಂತ ಮನೆಗೆ ಹೋಗಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕ್ರಿಯಾಯೋಜನೆಯಲ್ಲಿ ಪಾರ್ಕಿನ ಹೆಸರು ಇದೆಯಾ ನೋಡಿ. ಜೂನ್ ಹೊತ್ತಿಗೆ ಟೆಂಡರ್ ಆಯಿತಾ, ಕಾರ್ಯಾದೇಶ ಹೋಯಿತಾ ಅಂತ ಜೆಇ (ಜೂನಿಯರ್ ಎಂಜಿನಿಯರ್) ಅವರನ್ನು ಕೇಳಿ. ಸೆಪ್ಟೆಂಬರ್‌ನಲ್ಲಿ ಒಮ್ಮೆ ಎಷ್ಟು ಖರ್ಚಾಗಿದೆ ಅಂತ ಕೇಳಿ, ಯಾಕೆಂದರೆ ಪರಿಷ್ಕೃತ ಅಂದಾಜು ತಯಾರಾಗುವುದು ಅದಾದ ಮೇಲೆ. ಅಷ್ಟರಲ್ಲಿ ಖರ್ಚು ಶೂನ್ಯ ಇದ್ದರೆ ದುಡ್ಡು ಬೇರೆ ಕಡೆ ಹೋಯಿತು ಅಂತಲೇ ಲೆಕ್ಕ. ದೀಪ ಕೆಟ್ಟರೆ, ಕಸ ಬಿದ್ದರೆ ಜನಹಿತ ಆ್ಯಪ್‌ನಲ್ಲಿ ದೂರು ಹಾಕಿ ನಂಬರ್ ಬರೆದಿಡಿ. ನಮ್ಮ ಮಾಲಿ ಎರಡನೇ ವರ್ಷದ ಆಗಸ್ಟ್‌ನಲ್ಲಿ ವಾಪಸ್ ಬಂದರು. ಈಗ ಗೇಟು ಐದೂವರೆಗೆ ತೆಗೆಯುತ್ತದೆ. ದೀಪ ಎಂಟರಲ್ಲಿ ಐದು ಉರಿಯುತ್ತಿವೆ, ಉಳಿದ ಮೂರರ ದೂರಿನ ನಂಬರ್ ನನ್ನ ಡೈರಿಯಲ್ಲಿದೆ.