ಬೇಜಾರು ಬಂದರೂ ಮುಗಿಸಿದ ಆಟ

ಆಟದ ಹೆಸರು ಬೇಡ. ಒಂದು ದ್ವೀಪ, ಹಳೆಯ ದೀಪಸ್ತಂಭ, ಕಾಣೆಯಾದ ವಿಜ್ಞಾನಿ, ಎಲ್ಲೆಲ್ಲೂ ಬೀಗ. ಪಜಲ್ ಆಟ ಆಡುವವರಿಗೆ ಇಷ್ಟು ಸಾಕು, ಅಲ್ವಾ? 1993ರಲ್ಲಿ ಮಿಸ್ಟ್ ಎಂಬ ಕಂಪ್ಯೂಟರ್ ಆಟ ಬಂದ ಮೇಲೆ ಇಂಥ ದ್ವೀಪಗಳಿಗೆ ಲೆಕ್ಕವೇ ಇಲ್ಲ.

ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇದು ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು, ಕೆಟ್ಟದ್ದು ಆಮೇಲೆ! ಬದಿಯಡ್ಕದಲ್ಲಿ ಮಳೆ ಬಿಡುವ ಲಕ್ಷಣ ಇರಲಿಲ್ಲ. ಬಿಸಿಲು ಬಾರದೆ ಅಡಿಕೆಗೆ ಮದ್ದು ಬಿಡುವ ಹಾಗೂ ಇಲ್ಲ. ಸರಿ, ಮುಗಿಸಿಯೇ ಬಿಡೋಣ ಅಂತ ಕೂತೆ.

ಇಂಥ ಆಟಕ್ಕೆ ನಾನು ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಕಂಡ ಚಿಹ್ನೆ, ಅಂಕಿ ಎಲ್ಲ ಬರೆಯುವುದು, ಬಳಸಿದ್ದಕ್ಕೆ ಗೀಟು ಹಾಕುವುದು. ಗೀಟು ಬೀಳದ್ದು ಮುಂದಿನ ಬೀಗದ್ದು. ಇಲ್ಲಿ ಅರ್ಧ ದಾರಿಗೇ ಸುಳಿವು ಖಾಲಿ, ಬೀಗ ಮಾತ್ರ ಬಾಕಿ.

ದೀಪಸ್ತಂಭದ ಬಾಗಿಲಿಗೆ ಹನೋಯ್ ಗೋಪುರ: ಮೂರು ಕಂಬ, ಏಳು ಬಿಲ್ಲೆ. ಒಂದು ಕಂಬದ ಬಿಲ್ಲೆಗಳನ್ನೆಲ್ಲ ಒಂದೊಂದಾಗಿ ಇನ್ನೊಂದಕ್ಕೆ ಸಾಗಿಸಬೇಕು, ಚಿಕ್ಕದರ ಮೇಲೆ ದೊಡ್ಡದು ಇಡುವ ಹಾಗಿಲ್ಲ. ಕಡಿಮೆ ಎಂದರೂ 127 ನಡೆ. ಫ್ರಾನ್ಸಿನ ಗಣಿತಜ್ಞ ಎದ್ವಾರ್ ಲ್ಯೂಕಾ 1883ರಲ್ಲಿ ತಂದ ಆಟ ಇದು. ಒಂದು ನಡೆ ಬಿಟ್ಟು ಒಂದು ನಡೆಗೆ ಅತಿ ಚಿಕ್ಕ ಬಿಲ್ಲೆಯನ್ನು ಕಂಬದಿಂದ ಕಂಬಕ್ಕೆ ಒಂದೇ ದಿಕ್ಕಿನಲ್ಲಿ ಸುತ್ತ ಸರಿಸುತ್ತಾ ಹೋಗಬೇಕು, ನಡುವೆ ಚಿಕ್ಕದನ್ನು ಮುಟ್ಟದೆ ಆಗುವ ನಡೆ ಒಂದೇ. ಬಿಲ್ಲೆ ಬೆಸ ಸಂಖ್ಯೆಯಲ್ಲಿದ್ದರೆ ಮೊದಲ ನಡೆ ಕೊನೆಗೆ ಸೇರಬೇಕಾದ ಕಂಬಕ್ಕೇ. ಇಷ್ಟು ಗೊತ್ತಿದ್ದರೆ ತಲೆಗೆ ಕೆಲಸವೇ ಇಲ್ಲ. ಮೇಲಿಂದ ಪ್ರತಿ ಬಿಲ್ಲೆಯೂ ತೇಲಿ ತೇಲಿ ಇಳಿಯುವುದನ್ನು ಕಾಯಬೇಕು.

ಇಷ್ಟವಾದದ್ದು ಗಂಟೆಗಳ ಪಜಲ್ ಒಂದೇ. ಮೇಲಿನ ಕೋಣೆಯಲ್ಲಿ ಕೇಳಿದ ಸ್ವರಗಳನ್ನು ಕೆಳಗೆ ಅದೇ ಕ್ರಮದಲ್ಲಿ ಬಾರಿಸಬೇಕು. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಏನೂ ಕೇಳದು. ಹೆಡ್‌ಫೋನನ್ನು ಚೆಂಡೆ ಕಲಿಯುತ್ತಿರುವ ಅಳಿಯನ ಕಿವಿಗೆ ಹಾಕಿದೆ. "ಮಾವ, ನಾಲ್ಕನೇದು ಹೊಸದಲ್ಲ. ಮೂರನೇದನ್ನೇ ಸುಮ್ನೆ ಎರಡು ಸಲ ಬಾರಿಸಿದ್ದು" ಎಂದ. ಬಾಗಿಲು ತೆರೆಯಿತು.

ಕೊನೆಯದಂತೂ ಕೇಳಬೇಡಿ. ದೂರದರ್ಶಕವನ್ನು ಸಮುದ್ರದ ಕಡೆ ತಿರುಗಿಸಬೇಕು. ಆಗಷ್ಟೇ ಕಬ್ಬಿಣದ ಬಾಗಿಲು ಎಳೆದ ನಾಯಕನಿಗೆ ಇದು ಕೈಯಲ್ಲಿ ತಿರುಗುವುದಿಲ್ಲವಂತೆ! ನನ್ನ ಹತ್ತಿರ ಇದ್ದ ಎಲ್ಲ ವಸ್ತುವನ್ನೂ ಅದಕ್ಕೆ ಉಜ್ಜಿ ನೋಡಿದೆ. ಆಮೇಲೆ ವಾಕ್‌ಥ್ರೂ, ಅಂದರೆ ಆಟ ಮುಗಿಸುವ ದಾರಿಯನ್ನು ಹಂತಹಂತವಾಗಿ ಬರೆದಿಟ್ಟದ್ದು, ತೆರೆದು, ಬೇಕಾದ ಒಂದು ಸಾಲು ಬಿಟ್ಟು ಉಳಿದದ್ದನ್ನು ಕೈಯಲ್ಲಿ ಮುಚ್ಚಿ ಓದಿದೆ. ಅಡುಗೆಮನೆಯ ಒಣಮೀನನ್ನು ತುದಿಗೆ ಕಟ್ಟಬೇಕು, ಹಕ್ಕಿ ಬಂದು ಎಳೆಯುತ್ತದೆ. ಅದಕ್ಕೂ ಮೊದಲು ಆಟದಲ್ಲಿ ಒಂದೇ ಒಂದು ಹಕ್ಕಿ ಕಂಡಿರಲಿಲ್ಲ. 1999ರ ಗೇಬ್ರಿಯಲ್ ನೈಟ್ 3 ಆಟದಲ್ಲಿ ಬೆಕ್ಕಿನ ಕೂದಲಿನಿಂದ ಮೀಸೆ ಮಾಡುವ ಪಜಲ್ ಇಂದಿಗೂ ನಗೆಪಾಟಲು, ಆದರೆ ಅಲ್ಲಿ ಬೆಕ್ಕಾದರೂ ಕಣ್ಣೆದುರು ಇತ್ತು. ಇಲ್ಲಿ ಊಹಿಸಬೇಕಾದ್ದು ಆಟ ಮಾಡಿದವರ ತಲೆಯೊಳಗೆ ಏನಿತ್ತು ಅಂತ.

ದೂರದರ್ಶಕದಲ್ಲಿ ಒಂದು ದೋಣಿ ಕಂಡಿತು. ಪರದೆ ಕಪ್ಪಾಯಿತು. 'ಮುಂದುವರಿಯುವುದು.' ವಿಜ್ಞಾನಿ ಎಲ್ಲಿ ಹೋದ ಅಂತ ಹೇಳಲೇ ಇಲ್ಲ.

ಎರಡನೇ ಭಾಗ ಯಾವಾಗ ಎಂದು ಅಳಿಯ ಕೇಳಿದ. ಅವನಿಗೆ 2009ರ ಮಷಿನೇರಿಯಮ್ ಎಂಬ ಪಜಲ್ ಆಟ ಹಾಕಿಕೊಟ್ಟೆ. ಅದರಲ್ಲಿ ಉತ್ತರದ ಪುಸ್ತಕ ತೆರೆಯಬೇಕಾದರೂ ಒಂದು ಚಿಕ್ಕ ಆಟ ಗೆಲ್ಲಬೇಕು.